ಮೊದ್ಲು ಹೋಗಿ ಕೂತ್ಕೊಳ್ಳಿ: ಗಲ್ಲಿ ಗಾರ್ಡನ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೇಲಿ "ನಿಮ್ಮ ಏರಿಯಾದಲ್ಲಿ ದಿನಾ ಕಣ್ಣಿಗೆ ಬಿದ್ದು ಮನಸ್ಸಿಗೆ ಬೇಜಾರು ಮಾಡೋ ಒಂದು ವಿಷ್ಯ ಬರೀರಿ" ಅಂತ ಕೇಳಿದ್ದೆ. ನೀರು, ಪಾರ್ಕಿಂಗ್, ಸೊಸೈಟಿ ಜಗಳ ಇವೇ ಬರುತ್ತೆ ಅಂದ್ಕೊಂಡಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆ ಹತ್ರದ ಗಾರ್ಡನ್ ಬಗ್ಗೆ, ಹಾಳಾಗಿದೆ ಏನ್ ಮಾಡೋದು ಅಂತ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ ಇಟ್ಟಿದೀನಿ. ಒಂದೇ ತರದ ಪ್ರಶ್ನೆ ನಾಲ್ಕೈದು ಜನ ಕೇಳಿದ್ರೆ ಒಂದೇ ಪತ್ರ ತಗೊಂಡಿದೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಅಕ್ಕ, ನಮ್ಮ ಬಿಲ್ಡಿಂಗ್ ಎದುರಿಗೇ ಒಂದು ಗಾರ್ಡನ್ ಇದೆ. ನಾನು ಮದುವೆಯಾಗಿ ಉಡುಪಿಯಿಂದ ಇಲ್ಲಿಗೆ ಬಂದಾಗ ನಮ್ಮತ್ತೆ ದಿನಾ ಸಾಯಂಕಾಲ ಅಲ್ಲೇ ಕೂತಿರ್ತಿದ್ರು, ಅವರ ಜೊತೆ ಇನ್ನೂ ಎಂಟು ಹತ್ತು ಅಮ್ಮಂದಿರು. ಈಗ ಜೋಕಾಲಿ ಚೈನ್ ಕಿತ್ತೋಗಿದೆ, ಲೈಟ್ ಇಲ್ಲ, ಹುಲ್ಲು ಸೊಂಟದವರೆಗೆ ಬೆಳೆದಿದೆ, ಮಾಳಿ ಯಾವಾಗ್ಲೋ ಒಂದ್ಸಲ ಬರ್ತಾನೆ. ಕತ್ತಲಾದ್ಮೇಲೆ ಹುಡುಗ್ರು ಕೂತು ಕುಡೀತಾರೆ. ನಮ್ಮ ಸೊಸೈಟಿ ಕಮಿಟಿಯವ್ರು ಗೇಟಿಗೆ ಬೀಗ ಹಾಕಿ ಕೀಲಿಕೈ ಸುತ್ತಲಿನ ನಾಲ್ಕು ಬಿಲ್ಡಿಂಗ್‌ನವ್ರಿಗೆ ಮಾತ್ರ ಕೊಡೋಣ ಅಂತಿದಾರೆ. ನಮ್ಮ ಯಜಮಾನ್ರು "ನಿಂಗ್ಯಾಕೆ ಊರ ಉಸಾಬರಿ" ಅಂತಾರೆ. ಎಲ್ಲಿಂದ ಶುರು ಮಾಡ್ಲಿ?
— ಓದುಗಿ, ಮುಲುಂಡ್, ಮುಂಬಯಿ

ಉತ್ತರ: ಬೀಗದ ಮಾತು ಮೊದ್ಲು ಮುಗಿಸೋಣ. ದಯವಿಟ್ಟು ಬೀಗ ಹಾಕೋಕೆ ಬಿಡಬೇಡಿ ಅಮ್ಮ. ಬೀಗ ಹಾಕಿದ ಗಾರ್ಡನ್ ಸರಿಹೋಗಿದ್ದು ನಾನು ಮುಂಬಯಿಗೆ ಬಂದ ಈ ಮೂವತ್ತು ವರ್ಷದಲ್ಲಿ ಒಂದೂ ನೋಡಿಲ್ಲ. ಬೀಗ ಬಿದ್ದ ದಿನದಿಂದ ಕುಡಿಯೋರು ಗೋಡೆ ಹಾರಿ ಬರ್ತಾರೆ, ಬೆಳಿಗ್ಗೆ ಬರೋ ಅಜ್ಜ ಮಾತ್ರ ಬರೋದಿಲ್ಲ. ಗೋಡೆ ಹಾರೋಕೆ ಆಗೋರಿಗಷ್ಟೇ ಆ ಗಾರ್ಡನ್ ಉಳಿಯುತ್ತೆ.

ಎಲ್ಲಿಂದ ಶುರು ಅಂದ್ರಲ್ಲ, ಹೋಗಿ ಕೂತ್ಕೊಳ್ಳಿ. ನಿಜವಾಗ್ಲೂ ಇಷ್ಟೇ. ಎರಡು ವಾರ ಒಂದು ನೋಟ್‌ಬುಕ್ ಹಿಡ್ಕೊಂಡು ಬೆಳಿಗ್ಗೆ ಆರಕ್ಕೆ, ಹನ್ನೊಂದಕ್ಕೆ, ನಾಲ್ಕಕ್ಕೆ, ರಾತ್ರಿ ಎಂಟಕ್ಕೆ (ರಾತ್ರಿ ಒಬ್ರೇ ಬೇಡ, ಇಬ್ರು ಮೂರು ಜನ ಸೇರಿ) ಅರ್ಧರ್ಧ ಗಂಟೆ ಕೂತು ಯಾರು ಬರ್ತಾರೆ, ಎಲ್ಲಿ ಕೂರ್ತಾರೆ, ಯಾವ ಮೂಲೆಗೆ ಯಾರೂ ಹೋಗಲ್ಲ, ನೀರು ಎಲ್ಲಿ ನಿಲ್ಲುತ್ತೆ ಅಂತ ಬರ್ಕೊಳ್ಳಿ. ನಮ್ಮ ಗಲ್ಲಿ ಗಾರ್ಡನ್‌ನಲ್ಲಿ ನಾವು ಏಳು ಜನ ಹೆಂಗಸ್ರು ಹೀಗೆ ಕೂತಾಗ ಗೊತ್ತಾಗಿದ್ದು ಏನಂದ್ರೆ, "ಯಾರೂ ಬರಲ್ಲ" ಅಂತ ನಾವು ಹೇಳ್ತಿದ್ದ ಜಾಗಕ್ಕೆ ಹನ್ನೊಂದೂವರೆಯಿಂದ ಒಂದೂವರೆವರೆಗೆ ದಿನಾ ಹದಿನೈದು ಇಪ್ಪತ್ತು ಜನ ಬರ್ತಿದ್ರು. ನಮ್ಮ ಮನೆಗಳಲ್ಲೇ ಪಾತ್ರೆ ತೊಳೆಯೋ ಬಾಯಿಯವ್ರು ಎರಡು ಮನೆ ಕೆಲಸದ ಮಧ್ಯೆ ಡಬ್ಬಿ ತಿನ್ನೋಕೆ, ರಾತ್ರಿ ಪಾಳಿ ಮುಗಿಸಿದ ವಾಚ್‌ಮನ್‌ಗಳು ಮರದ ಕೆಳಗೆ ಒಂದು ನಿದ್ದೆ ತೆಗೆಯೋಕೆ. ಅವ್ರಿಗೆ ಬೇಕಾಗಿದ್ದು ಒಂದು ಕುಡಿಯೋ ನೀರಿನ ನಲ್ಲಿ, ಒಂದು ಟಾಯ್ಲೆಟ್. ನಮ್ಮ ಮೀಟಿಂಗ್‌ನಲ್ಲಿ ಮೂರು ತಿಂಗಳಿಂದ ಚರ್ಚೆ ಆಗ್ತಿದ್ದಿದ್ದು ಗೇಟಿನ ಬಣ್ಣದ ಬಗ್ಗೆ. ನನಗೆ ಆವತ್ತು ತುಂಬಾ ನಾಚಿಕೆ ಆಯ್ತು. ಅದಕ್ಕೇ ಕಮಿಟಿ ಕರೆಯೋ ಮುಂಚೆ ಆ ಜಾಗ ಈಗ್ಲೂ ಬಳಸ್ತಿರೋರನ್ನ ಮಾತಾಡ್ಸಿ, ಅವ್ರ ಹೆಸ್ರೂ ನಿಮ್ಮ ಪಟ್ಟೀಲಿರ್ಲಿ.

ಎರಡನೇದು, ಜಾಗ ಯಾರದ್ದು ಅಂತ ಕಾಗದದಲ್ಲಿ ತಿಳ್ಕೊಳ್ಳಿ. ನೋಡೋಕೆ ಎಲ್ಲಾ ಗಾರ್ಡನ್ ಒಂದೇ ತರ ಇರುತ್ತೆ ಆದ್ರೆ ಕೆಲವು ಬಿಎಂಸಿದು (ಮುಂಬಯಿ ಪಾಲಿಕೆ), ಕೆಲವು ರಾಜ್ಯದ ಗೃಹನಿರ್ಮಾಣ ಮಂಡಳಿ ಮ್ಹಾಡಾ ಲೇಔಟ್‌ನವು, ಇನ್ನು ಕೆಲವು ಬಿಲ್ಡರ್ ಲೇಔಟ್ ಪಾಸ್ ಮಾಡಿಸ್ಕೊಳ್ಳುವಾಗ ಬಿಟ್ಟ ಆರ್‌ಜಿ (ರಿಕ್ರಿಯೇಷನ್ ಗ್ರೌಂಡ್), ಅಂದ್ರೆ ಅಲ್ಲಿನ ಸೊಸೈಟಿಗಳೇ ನೋಡ್ಕೋಬೇಕಾದ ಜಾಗ. ಈ ಮೂರನೇ ತರದ್ದಾದ್ರೆ ಪಾಲಿಕೆ ಬಾಗಿಲು ಎಷ್ಟು ತಟ್ಟಿದ್ರೂ ಮಾಳಿ ಬರಲ್ಲ, ಸುಮ್ನೆ ಒಂದು ವರ್ಷ ಹಾಳು. ನಿಮ್ದು ಟಿ ವಾರ್ಡ್, ಆಫೀಸ್ ಮುಲುಂಡ್ ವೆಸ್ಟ್‌ನಲ್ಲೇ ಇದೆ, ಅಲ್ಲಿ ಉದ್ಯಾನ ವಿಭಾಗದಲ್ಲಿ ಕೇಳಿ, ಯಾವ ಜಾಗ ಯಾವುದಕ್ಕೆ ಅಂತ ಗುರುತಿಸೋ ಪಾಲಿಕೆಯ 2034ರವರೆಗಿನ ಡೆವಲಪ್‌ಮೆಂಟ್ ಪ್ಲ್ಯಾನ್‌ನಲ್ಲಿ ಆ ಪ್ಲಾಟ್ ಗಾರ್ಡನ್ ಅಂತಿದ್ಯಾ, ಪ್ಲೇಗ್ರೌಂಡ್ ಅಂತಿದ್ಯಾ ಅಂತ ನೋಡಿ. ಬಾಯಿಮಾತಲ್ಲಿ ಹೇಳದಿದ್ರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಹತ್ತು ರೂಪಾಯಿ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿದ್ರೆ ಸಾಕು, 30 ದಿನದೊಳಗೆ ಉತ್ತರ ಕೊಡ್ಬೇಕು. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜೀಲಿ ಒಂದೇ ವಿಷ್ಯ, 150 ಪದ ಮೀರಬಾರ್ದು ಅಂತಿದೆ, ಅದಕ್ಕೆ ಅತ್ತೆ ಕಾಲದ ಕಥೆ ಎಲ್ಲ ಬರೀಬೇಡಿ. ನಿರ್ವಹಣೆ ಗುತ್ತಿಗೆ ಯಾರಿಗೆ ಕೊಟ್ಟಿದಾರೆ, ಕರಾರಿನಲ್ಲಿ ಎಷ್ಟು ಮಾಳಿ, ವಾರಕ್ಕೆ ಎಷ್ಟು ದಿನ, ಲೈಟ್ ಯಾರು ನೋಡ್ಕೋಬೇಕು, ಕರಾರಿನ ನಕಲು ಕೊಡಿ. ಇಷ್ಟೇ ಕೇಳಿ. ನಮಗೆ ಆ ನಕಲು ಕೈಗೆ ಬಂದಾಗ ಅದ್ರಲ್ಲಿ ದಿನಾ ಇಬ್ರು ಮಾಳಿ ಅಂತಿತ್ತು, ಬರ್ತಿದ್ದಿದ್ದು ಹದಿನೈದು ದಿನಕ್ಕೆ ಒಬ್ಬ. ಆ ಕಾಗದ ಮತ್ತೆ ನಮ್ಮ ನೋಟ್‌ಬುಕ್ ಎರಡನ್ನೂ ಮೇಜಿನ ಮೇಲಿಟ್ಟ ದಿನ ಅಧಿಕಾರಿಗಳು ಮಾತಾಡೋ ರೀತಿನೇ ಬೇರೆ ಆಯ್ತು. ಪಾಪ ಆ ಮಾಳಿದೇನೂ ತಪ್ಪಿರ್ಲಿಲ್ಲ, ಕಾಂಟ್ರಾಕ್ಟರ್ ಅವನೊಬ್ಬನನ್ನೇ ಐದು ಗಾರ್ಡನ್‌ಗೆ ಓಡಿಸ್ತಿದ್ದ. ದಯವಿಟ್ಟು ಮಾಳಿ ಮೇಲೆ ಕೂಗಾಡ್ಬೇಡಿ, ಅವನಿಗೆ ಚಹಾ ಕೊಡಿ, ಆ ಜಾಗದ ಮಣ್ಣು ಅವನಿಗೆ ಗೊತ್ತಿರೋಷ್ಟು ನಮಗ್ಯಾರಿಗೂ ಗೊತ್ತಿಲ್ಲ.

ಒಡೆದ ಜೋಕಾಲಿ, ಉರಿಯದ ಲೈಟ್ ಇಂಥದ್ದಕ್ಕೆ ಪಾಲಿಕೆಯ ಸಹಾಯವಾಣಿ 1916ಕ್ಕೆ ಫೋನ್ ಮಾಡಿ ದೂರಿನ ನಂಬರ್ ತಗೊಳ್ಳಿ. ಒಬ್ರೇ ಹತ್ತು ಸಲ ಮಾಡೋ ಬದ್ಲು ಹತ್ತು ಮನೆಯವ್ರು ಒಂದೊಂದು ಸಲ ಮಾಡಿ. ನಿಮ್ಮ ಗುಂಪು ಸ್ವಲ್ಪ ಗಟ್ಟಿಯಾದ್ಮೇಲೆ ವಾರ್ಡ್ ಆಫೀಸ್‌ನಲ್ಲಿ ಎಎಲ್‌ಎಂ (ಅಡ್ವಾನ್ಸ್ಡ್ ಲೊಕಾಲಿಟಿ ಮ್ಯಾನೇಜ್‌ಮೆಂಟ್, ಅಂದ್ರೆ ಪಾಲಿಕೆ ಜೊತೆ ಕೆಲಸ ಮಾಡೋ ಗಲ್ಲಿಯವ್ರ ಗುಂಪು) ಅಂತ ನೋಂದಾಯಿಸ್ಕೊಳ್ಳಿ. ಇದು 1990ರ ದಶಕದಲ್ಲಿ ಘಾಟ್ಕೋಪರ್‌ನ ಜೋಶಿ ಲೇನ್‌ನಲ್ಲಿ ಒಂದೇ ಗಲ್ಲಿಯವ್ರು ಕಸ ಬೇರೆ ಮಾಡೋಕೆ ಶುರು ಮಾಡಿದ್ದು, ಆಮೇಲೆ ಪಾಲಿಕೆ ಇಡೀ ಊರಿಗೆ ತಗೊಂಡ್ತು. ನೋಂದಾಯಿಸಿದ್ರೆ ವಾರ್ಡ್ ಮೀಟಿಂಗ್‌ನಲ್ಲಿ ನಿಮ್ಮ ಮಾತಿಗೂ ಒಂದು ಜಾಗ ಸಿಗುತ್ತೆ.

ಇನ್ನು ಆ ಹುಡುಗ್ರ ವಿಷ್ಯ. ಇದ್ರಲ್ಲಿ ಎಲ್ರೂ ನನ್ನ ಒಪ್ಪಲ್ಲ, ಗೊತ್ತು. ನಮ್ಮಲ್ಲೂ ಪೊಲೀಸ್ ಕರೆಯೋಣ ಅಂತ್ಲೇ ಇತ್ತು. ನಮ್ಮ ಗುಂಪಿನಲ್ಲಿದ್ದ ಒಬ್ರು ರಿಟೈರ್ಡ್ ಪಿಟಿ ಮಾಸ್ತರು, ಮೊದ್ಲು ಕನ್ನಡ ರಾತ್ರಿಶಾಲೇಲಿ ಪಾಠ ಮಾಡ್ತಿದ್ದೋರು, ಅವ್ರು ಹೋಗಿ "ಏನಪ್ಪಾ ವಾಲಿಬಾಲ್ ಆಡ್ತೀರಾ" ಅಂತ ಕೇಳಿದ್ರು. ಹುಡುಗ್ರು ಹಿಂದಿನ ಚಾಲ್‌ನವ್ರೇ, ಹತ್ತಡಿ ಖೋಲೀಲಿ ಆರು ಜನ ಇರೋ ಮನೆಯವ್ರು, ಅವ್ರಿಗೆ ಕೂತ್ಕೊಳ್ಳೋಕೆ ಬೇರೆ ಜಾಗ ಎಲ್ಲಿದೆ ಹೇಳಿ. ಒಂದು ನೆಟ್ಟು ಎರಡು ಬಾಲ್ ತಂದುಕೊಟ್ವಿ, ಎಲ್ಲಾ ಒಂದೇ ವಾರದಲ್ಲಿ ಸರಿಹೋಯ್ತು ಅಂತ ಹೇಳಲ್ಲ, ಮೂರ್ನಾಲ್ಕು ಜನ ಕುಡಿಯೋದು ಬಿಡ್ಲಿಲ್ಲ, ಬೇರೆ ಕಡೆ ಹೋದ್ರು. ಉಳಿದ ಹುಡುಗ್ರು ಇವತ್ತಿಗೂ ಅಲ್ಲಿ ಲೈಟ್ ಕೆಟ್ರೆ ಮೊದ್ಲು ಫೋನ್ ಮಾಡೋರು. ಹೆಂಗಸ್ರಿಗೆ ತೊಂದ್ರೆ ಕೊಡೋದು, ಹೊಡೆದಾಟ ಏನಾದ್ರೂ ಇದ್ರೆ ಮಾತ್ರ ಯೋಚ್ನೆ ಮಾಡದೆ ಪೊಲೀಸ್ ಠಾಣೆಗೆ ಹೋಗಿ, ಅಲ್ಲಿ ಮುಲಾಜು ಬೇಡ.

ಕ್ಲೀನಿಂಗ್ ದಿನ ಅಂತ ಮಾಡೋದಾದ್ರೆ ಚಿಕ್ಕದಾಗಿ ಮಾಡಿ. ಭಾನುವಾರ ಬೆಳಿಗ್ಗೆ ಏಳರಿಂದ ಎಂಟೂವರೆ, ಒಂದೇ ಮೂಲೆ, ಮುಗಿದ್ಮೇಲೆ ಯಾರದ್ದಾದ್ರೂ ಮನೆಯಿಂದ ಉಪ್ಪಿಟ್ಟು ಚಹಾ. ಮುನ್ನೂರು ಜನ, ಬ್ಯಾನರ್, ಟಿ-ಶರ್ಟ್ ಎಲ್ಲಾ ಮಾಡಿದೋರು ಮುಂದಿನ ಭಾನುವಾರ ಕಾಣಲ್ಲ. ಒಣಗಿದ ಎಲೆ ಗುಡ್ಡೆ ಹಾಕಿ ಬೆಂಕಿ ಇಡಬೇಡಿ, ಬಯಲಲ್ಲಿ ಕಸ ಸುಟ್ರೆ 5000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ, ದಂಡ ಬಿಡಿ, ಎದುರಿನ ಬಿಲ್ಡಿಂಗ್‌ನಲ್ಲಿ ದಮ್ಮು ಇರೋರು ಎಷ್ಟು ಜನ ಇರ್ತಾರೆ. ಒಂದು ಮೂಲೇಲಿ ಇಟ್ಟಿಗೆ ಮಧ್ಯೆ ಮಧ್ಯೆ ಸಂದಿ ಬಿಟ್ಟು ಮೂರಡಿ ಚೌಕದ ಗೂಡು ಕಟ್ಟಿ, ಎಲೆ ತುಂಬ್ತಾ ಒಂದು ಪದರಕ್ಕೆ ಒಂದು ಬುಟ್ಟಿ ಮಣ್ಣು, ಸ್ವಲ್ಪ ಸೆಗಣಿ ನೀರು ಇಲ್ಲಾ ಹುಳಿ ಮಜ್ಜಿಗೆ ಚಿಮುಕಿಸಿ, ಒಣಗೋಕೆ ಬಿಡಬೇಡಿ. ನಾಲ್ಕರಿಂದ ಆರು ತಿಂಗಳಲ್ಲಿ ಗೊಬ್ಬರ. ನಮ್ಮ ಗೂಡಿನ ಮೊದಲನೇ ಬುಟ್ಟಿ ಗೊಬ್ಬರ ಕೈಯಲ್ಲಿ ಹಿಡಿದಾಗ ಮಳೆಬಿದ್ದ ಊರಿನ ತೋಟದ ವಾಸನೆ ಬಂತು ನೋಡಿ, ಇವತ್ತಿಗೂ ಮರೆತಿಲ್ಲ.

ನಿಮ್ಮ ಯಜಮಾನ್ರಿಗೆ ಹೇಳಿ, ಅವರಮ್ಮ ಕೂರ್ತಿದ್ದ ಬೆಂಚಿನ ವಿಷ್ಯ ಊರ ಉಸಾಬರಿ ಹೇಗಾಗುತ್ತೆ.

ಪ್ರಶ್ನೆ: ನಮ್ಮ ಕಾಲೋನಿಯವ್ರು ಸೇರಿ ಮೂರು ಲಕ್ಷ ಕಲೆಕ್ಟ್ ಮಾಡಿದೀವಿ. ಪಕ್ಕದ ಮೈದಾನದ ತುಂಬಾ ಪೇವರ್ ಬ್ಲಾಕ್ ಹಾಕ್ಸಿ, ಮಧ್ಯೆ ಒಂದು ಕಾರಂಜಿ, ಸುತ್ತ ಲಾನ್, ನಾಲ್ಕು ಗುಲ್ಮೊಹರ್ ಅಂತ ಪ್ಲ್ಯಾನ್. ಹಳೇ ಒಂದು ಮರದ ಕೊಂಬೆ ಅಡ್ಡ ಬರ್ತಿದೆ, ತೆಗೆಸ್ತಿದೀವಿ. ಸರಿ ಇದ್ಯಾ ನೋಡಿ ಹೇಳಿ.
— ಓದುಗರು, ಡೊಂಬಿವಲಿ

ಉತ್ತರ: ಅಣ್ಣಾ, ದುಡ್ಡು ಇನ್ನೂ ಖರ್ಚಾಗಿಲ್ಲ ತಾನೆ? ಹಾಗಿದ್ರೆ ಒಂದು ನಿಮಿಷ ನಿಲ್ಲಿ. ಮೊದ್ಲು ಕೊಂಬೆ. ಪರವಾನಗಿ ಇಲ್ದೆ ಮುಟ್ಟಬೇಡಿ, 1975ರ ಮಹಾರಾಷ್ಟ್ರದ ಮರ ಸಂರಕ್ಷಣೆ ಕಾನೂನಿನ ಪ್ರಕಾರ ನಗರಪಾಲಿಕೆಯ ವೃಕ್ಷ ಪ್ರಾಧಿಕರಣದ ಒಪ್ಪಿಗೆ ಬೇಕು, ನಿಮ್ಮದು ಕಲ್ಯಾಣ್-ಡೊಂಬಿವಲಿ ಪಾಲಿಕೆ ಆದ್ರಿಂದ ಅರ್ಜಿ ಅಲ್ಲಿಗೆ. ಮೈದಾನ ಪಾಲಿಕೇದಾದ್ರೆ ಪೇವರ್‌ಗೂ ಗಿಡಕ್ಕೂ ಲಿಖಿತ ಒಪ್ಪಿಗೆ ತಗೊಂಡೇ ಕೈ ಹಾಕಿ, ನಿಮ್ಮ ದುಡ್ಡು ಅಂತ ನಿಮ್ಮಿಷ್ಟಕ್ಕೆ ಮಾಡೋಕಾಗಲ್ಲ.

ಪೇವರ್ ಬ್ಲಾಕ್ ನಡೆಯೋ ದಾರಿಗೆ ಮಾತ್ರ ಸಾಕು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 2000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುತ್ತೆ, ಆ ನೀರು ಕುಡಿಯೋಕೆ ಮಣ್ಣು ಬೇಡ್ವಾ? ಇರೋ ಒಂದು ತುಂಡು ಮಣ್ಣನ್ನೂ ಮುಚ್ಚಿದ್ರೆ ನೀರು ನಿಮ್ಮ ಗ್ರೌಂಡ್ ಫ್ಲೋರ್ ಮನೆಗೇ ಬರೋದು. ಮರದ ಬುಡದ ಸುತ್ತ ಕಡಿಮೆ ಅಂದ್ರೂ ಒಂದು ಮೀಟರ್ ಮಣ್ಣು ಬಿಡಿ, ಬುಡದವರೆಗೆ ಸಿಮೆಂಟ್ ಮೆತ್ತಿದ ಮರಕ್ಕೆ ಬೇರಿಗೆ ಉಸಿರು ನೀರು ಎರಡೂ ಸಿಗಲ್ಲ, ಆಮೇಲೆ ಗಾಳಿ ಮಳೇಲಿ ಉರುಳಿದ್ರೆ ಮರದ ತಪ್ಪು ಅಂತೀವಿ. ಕಾರಂಜಿ ಬಗ್ಗೆ ಬೇಡ ಅಂತ್ಲೇ ಹೇಳ್ತೀನಿ. ಮೊದಲ ಆರು ತಿಂಗಳು ಚಂದ, ಆಮೇಲೆ ಪಂಪ್ ಕೆಟ್ಟು ನೀರು ನಿಲ್ಲುತ್ತೆ, ಡೆಂಗ್ಯೂ ಸೊಳ್ಳೆಗೆ ಬೇಕಾಗಿರೋದು ಅಂಥ ತಿಳಿ ನೀರೇ, ಮೊಟ್ಟೆಯಿಂದ ಸೊಳ್ಳೆ ಆಗೋಕೆ ಏಳರಿಂದ ಹತ್ತು ದಿನ ಸಾಕು. ಹೂಕುಂಡದ ತಟ್ಟೆ, ಬಿಸಾಕಿದ ಟೈರು, ಪಕ್ಷಿಗೆ ಇಟ್ಟ ಬಟ್ಟಲು ಇವನ್ನೂ ವಾರಕ್ಕೊಂದ್ಸಲ ಬೋರಲು ಹಾಕಿ. ಲಾನ್‌ಗೆ ಏಪ್ರಿಲ್ ಮೇನಲ್ಲಿ ನೀರು ಎಲ್ಲಿಂದ ತರ್ತೀರಾ, ಟ್ಯಾಂಕರ್ ತರಿಸ್ತೀರಾ? ಸುಮ್ನೆ ಊರಿನ ಗರಿಕೆ ಬಿಡಿ, ಮಕ್ಕಳು ಓಡಾಡಿದ್ರೂ ಮತ್ತೆ ಚಿಗುರುತ್ತೆ, ಗಣಪತಿಗೂ ಆಗುತ್ತೆ.

ಗುಲ್ಮೊಹರ್ ಹೂ ಚಂದ ಒಪ್ತೀನಿ, ಆದ್ರೆ ಅದು ಮಡಗಾಸ್ಕರ್‌ನಿಂದ ಬಂದ ಮರ, ಕೊಂಬೆ ಪೆಡಸು, ಮಳೆಗಾಲದ ಗಾಳಿಗೆ ಬೇಗ ಮುರಿಯುತ್ತೆ, ಮಕ್ಕಳು ಆಡೋ ಜಾಗದ ಮೇಲೆ ಬೇಡ. ನಮ್ಮ ಪಶ್ಚಿಮ ಘಟ್ಟದ ಮರಗಳೇ ಎಷ್ಟಿವೆ. ನೆರಳಿಗೆ ಹೊಂಗೆ (ಇಲ್ಲಿಯವ್ರು ಕರಂಜ್ ಅಂತಾರೆ), ಪರಿಮಳಕ್ಕೆ ಬಕುಳ, ಹಕ್ಕಿಗಳಿಗೂ ಹುಡುಗ್ರಿಗೂ ನೇರಳೆ, ಬಣ್ಣಕ್ಕೆ ಹೊಳೆದಾಸವಾಳ. ಈ ಹೊಳೆದಾಸವಾಳವನ್ನ ಮರಾಠಿಲಿ ತಾಮ್ಹಣ ಅಂತಾರೆ, ಮಹಾರಾಷ್ಟ್ರದ ರಾಜ್ಯ ಹೂವು ಅದು, ಬೇಸಿಗೇಲಿ ನೇರಳೆ ಬಣ್ಣದ ಗೊಂಚಲು ತುಂಬಿ ನಿಂತ್ರೆ ಗುಲ್ಮೊಹರ್ ನೆನಪೂ ಆಗಲ್ಲ. ಮೊದಲ ನಾಲ್ಕೈದು ಮಳೆ ಬಿದ್ದು ಮಣ್ಣು ಒಳಗಿನವರೆಗೆ ನೆಂದ್ಮೇಲೆ ನೆಡಿ, ಎರಡಡಿ ಉದ್ದ ಅಗಲ ಆಳದ ಗುಂಡಿ, ಗಿಡ ಆಳೆತ್ತರ ಇದ್ರೆ ದನ, ಬಾಲ್, ಬೈಕ್ ಎಲ್ಲಾ ತಡ್ಕೊಳ್ಳುತ್ತೆ. ಐವತ್ತು ಗಿಡ ನೆಟ್ಟು ಫೋಟೋ ತೆಗೆಸ್ಕೊಳ್ಳೋದಕ್ಕಿಂತ ಎಂಟು ಗಿಡ ನೆಟ್ಟು ಒಂದೊಂದು ಗಿಡಕ್ಕೆ ಒಂದೊಂದು ಮನೆ ಅಂತ ಹಚ್ಚಿ, ಎರಡು ಬೇಸಿಗೆ ನೀರು ಹಾಕಿದ್ರೆ ಆಮೇಲೆ ಅದೇ ಬೆಳೆಯುತ್ತೆ.

ಉಳಿದ ದುಡ್ಡಲ್ಲಿ ನಲ್ಲಿ, ಹೆಂಗಸ್ರಿಗೆ ಹೊರಗಿಂದ ಬೀಗ ಜಡಿಯದ ಸ್ವಚ್ಛ ಟಾಯ್ಲೆಟ್, ಬೆನ್ನು ಒರಗೋ ಬೆಂಚುಗಳು. ಸ್ವಲ್ಪ ಬ್ಯಾಂಕಿನಲ್ಲೇ ಇರ್ಲಿ, ರಿಪೇರಿಗೆ. ಅದನ್ನ ಯಾರೂ ಯೋಚ್ನೆ ಮಾಡಲ್ಲ.

ಪ್ರಶ್ನೆ: ನಾನು ಪುಣೆಯಲ್ಲಿ ಐಟಿ ಕೆಲಸದಲ್ಲಿದೀನಿ, ಕೋಥ್ರೂಡ್‌ನಲ್ಲಿ ಮನೆ. ನಮ್ಮ ಹತ್ರದ ಪಾರ್ಕ್‌ಗೆ ವಾಕಿಂಗ್ ದಾರಿ, ಲೈಟ್ ಬೇಕು. ಪ್ರತೀ ಸಲ ಚಂದಾ ಎತ್ತೋಕೆ ಆಗಲ್ಲ, ಪಾಲಿಕೆಯಿಂದ ದುಡ್ಡು ಪಡೆಯೋ ದಾರಿ ಇದ್ಯಾ?
— ಓದುಗ, ಪುಣೆ

ಉತ್ತರ: ಇದೆ ತಮ್ಮಾ, ಪುಣೆಯವ್ರಿಗೆ ಮುಂಬಯಿಯವ್ರಿಗಿಂತ ಒಳ್ಳೇ ದಾರಿ ಇದೆ, ಅಲ್ಲಿರೋ ನಮ್ಮವ್ರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಪುಣೆ ಮಹಾನಗರ ಪಾಲಿಕೆ 2006ರಿಂದ ನಾಗರಿಕರ ಸಹಭಾಗದ ಬಜೆಟ್ ಅಂತ ನಡೆಸ್ತಿದೆ. ನಮ್ಮ ಪ್ರಭಾಗದಲ್ಲಿ ಇಂಥ ಕೆಲಸ ಆಗ್ಬೇಕು ಅಂತ ಸಾಮಾನ್ಯ ಜನಾನೇ ಫಾರ್ಮ್ ತುಂಬಿ ಕ್ಷೇತ್ರೀಯ ಕಾರ್ಯಾಲಯಕ್ಕೆ ಕೊಡ್ಬಹುದು, ಒಪ್ಪಿದ್ರೆ ಮುಂದಿನ ವರ್ಷದ ಬಜೆಟ್‌ನಲ್ಲಿ ಸೇರುತ್ತೆ. ಫುಟ್‌ಪಾತ್, ಬೆಂಚು, ಲೈಟ್, ಬಸ್ ನಿಲ್ದಾಣ, ಪಾರ್ಕಿನ ಸಣ್ಣಪುಟ್ಟ ಕೆಲಸ ಇಂಥವಕ್ಕೆ. ಸಾಮಾನ್ಯವಾಗಿ ಮಳೆಗಾಲದ ಕೊನೆ ಹೊತ್ತಿಗೆ ಅರ್ಜಿ ಕರೀತಾರೆ, ಪೇಪರ್‌ನಲ್ಲಿ ಬರುತ್ತೆ, ಆಗಸ್ಟ್ ಬಂದ ಕೂಡ್ಲೇ ಆಫೀಸಿಗೆ ಹೋಗಿ ಕೇಳ್ತಾ ಇರಿ.

ಬರೆಯೋದ್ರಲ್ಲಿ ಒಂದು ಜಾಣತನ ಬೇಕು. "ಪಾರ್ಕ್ ಸುಧಾರಣೆ" ಅಂತ ಬರೆದ್ರೆ ಅದು ಎಲ್ಲಿಗೂ ಹೋಗಲ್ಲ. ಪೂರ್ವದ ಗೇಟಿಂದ ಮಕ್ಕಳ ಆಟದ ಜಾಗದವರೆಗೆ ಇಷ್ಟು ಮೀಟರ್ ದಾರಿ, ಇಷ್ಟು ಕಂಬ, ಯಾವ ಸರ್ವೆ ನಂಬರ್, ಎರಡು ಫೋಟೋ, ಕೈಯಲ್ಲಿ ಬರೆದ ನಕ್ಷೆ, ಹೀಗೆ ಕೊಟ್ರೆ ಎಂಜಿನಿಯರ್‌ಗೆ ಅಂದಾಜು ಮಾಡೋಕೆ ಸುಲಭ. ಒಂದೇ ದೊಡ್ಡ ಕೆಲಸಕ್ಕಿಂತ ಎರಡು ಮೂರು ಚಿಕ್ಕ ಕೆಲಸಕ್ಕೆ ಬೇರೆ ಬೇರೆ ಫಾರ್ಮ್ ಕೊಡಿ. ಅರ್ಜಿ ಸ್ವೀಕರಿಸಿದ ಸಿಕ್ಕಾ (ಮುದ್ರೆ) ಹಾಕಿದ ನಕಲು ತಗೊಳ್ಳೋದು ಮರೀಬೇಡಿ, ಬಜೆಟ್ ಬಂದ ದಿನ ಪುಸ್ತಕದಲ್ಲಿ ನಿಮ್ಮ ಕೆಲಸ ಹುಡುಕಿ, ಇದ್ರೆ ಟೆಂಡರ್ ಯಾವಾಗ ಅಂತ ಬೆನ್ನು ಹತ್ತಿ. ಬಜೆಟ್‌ನಲ್ಲಿ ಬಂದಿದ್ದೆಲ್ಲ ತಾನಾಗೇ ಕೆಲಸ ಆಗಲ್ಲ.

ಪ್ರಶ್ನೆ: ನಮ್ಮ ಏರಿಯಾದ ಗಾರ್ಡನ್ ಪೂರ್ತಿ ತಾವೇ ನೋಡ್ಕೋತೀವಿ ಅಂತ ಒಂದು ಕಂಪನಿ ಮುಂದೆ ಬಂದಿದೆ. ನಿವಾಸಿಗಳ ಪರವಾಗಿ ಒಪ್ಪಿಗೆ ಪತ್ರ ಕೇಳ್ತಿದಾರೆ. ಚಂದ ಮಾಡ್ತಾರೆ ಅಂದ್ರೆ ಬೇಡ ಅನ್ನೋದ್ಯಾಕೆ ಅಂತ ಕೆಲವ್ರು, ನನಗ್ಯಾಕೋ ಅಳುಕು.
— ಓದುಗರು, ಅಂಧೇರಿ

ಉತ್ತರ: ನಿಮ್ಮ ಅಳುಕು ಸರಿಯಾಗೇ ಇದೆ ರಾಯರೇ. ಗಾರ್ಡನ್ ದತ್ತು ಕೊಡೋದೇ, ಅಂದ್ರೆ ನೋಡ್ಕೊಳ್ಳೋಕೆ ಬೇರೆಯವ್ರಿಗೆ ಒಪ್ಪಿಸೋದೇ, ಕೆಟ್ಟದ್ದು ಅಂತ ನಾನು ಹೇಳಲ್ಲ. ಚರ್ಚ್‌ಗೇಟ್ ಹತ್ರದ ಓವಲ್ ಮೈದಾನ ಹಾಳುಬಿದ್ದಾಗ ಅಲ್ಲಿನ ನಿವಾಸಿಗಳೇ ಕೋರ್ಟ್ ಮೆಟ್ಟಿಲು ಹತ್ತಿ ಆಮೇಲೆ ಟ್ರಸ್ಟ್ ಮಾಡ್ಕೊಂಡು ಸರಿಮಾಡಿದ್ರು, ಇವತ್ತೂ ಅಲ್ಲಿ ಯಾರು ಬೇಕಾದ್ರೂ ಕ್ರಿಕೆಟ್ ಆಡ್ತಾರೆ. ಬಾಂದ್ರಾದ ಜಾಗರ್ಸ್ ಪಾರ್ಕ್ 1990ರಲ್ಲಿ ತೆರೆದಿದ್ದು, ಅದಕ್ಕೆ ಮುಂಚೆ ಅಲ್ಲಿ ಕಸ ಸುರೀತಿದ್ರು. ಧಾರಾವಿ ಪಕ್ಕ ಮೀಠಿ ನದಿ ದಂಡೆಯ ಮಹಾರಾಷ್ಟ್ರ ನೇಚರ್ ಪಾರ್ಕ್ ಅಂತೂ ಊರಿನ ಕಸದ ಗುಡ್ಡೆ ಆಗಿದ್ದ ಜಾಗ, ಅಲ್ಲಿ 37 ಎಕರೆ ಕಾಡು ಬೆಳೆಸಿ 1994ರಲ್ಲಿ ಜನಕ್ಕೆ ತೆರೆದ್ರು. ಸಯನ್‌ನಿಂದ ಬಾಂದ್ರಾಗೆ ಬಸ್‌ನಲ್ಲಿ ಹೋಗುವಾಗ ಆ ಮರಗಳು ಕಂಡಾಗೆಲ್ಲ ಈ ಊರಲ್ಲಿ ಆಗಲ್ಲ ಅನ್ನೋದು ಯಾವುದೂ ಇಲ್ಲ ಅನ್ನಿಸುತ್ತೆ ನನಗೆ.

ಆದ್ರೆ ಇನ್ನೊಂದು ಕಡೆಯ ಕಥೇನೂ ಇದೇ ಊರಲ್ಲಿದೆ. ನೋಡ್ಕೊಳ್ಳೋಕೆ ಅಂತ ತಗೊಂಡ ಸಾರ್ವಜನಿಕ ಜಾಗದಲ್ಲಿ ಕ್ಲಬ್ ಕಟ್ಟಡ ಎದ್ದು, ಮೆಂಬರ್ ಅಲ್ದೋರು ಬೇಲಿ ಹೊರಗಿಂದ ನೋಡ್ಬೇಕಾದ ಹಾಗಾಗಿದ್ದು ಉಂಟು. ಅದಕ್ಕೇ 2016ರ ಜನವರೀಲಿ ಬಿಎಂಸಿ ಸಭೆ ಹೊಸ ದತ್ತು ನೀತಿ ಪಾಸ್ ಮಾಡ್ದಾಗ ಊರಿನ ನಾಗರಿಕ ಗುಂಪುಗಳು ಗಟ್ಟಿಯಾಗಿ ವಿರೋಧ ಮಾಡಿದ್ರು, ಆಗ ಮುಖ್ಯಮಂತ್ರಿಯಾಗಿದ್ದ ದೇವೇಂದ್ರ ಫಡ್ನವೀಸ್ ಅದಕ್ಕೆ ತಡೆ ಹಾಕಿ, ಕೊಟ್ಟ ಜಾಗಗಳನ್ನ ಪಾಲಿಕೆ ವಾಪಸ್ ತಗೊಳ್ಳೋಕೆ ಶುರು ಮಾಡ್ತು. ಗುಟ್ಟೇನೂ ಇಲ್ಲ, ಜಾಗ ಒಂದ್ಸಲ ಕೈಬಿಟ್ರೆ ವಾಪಸ್ ಬರೋದು ಬಹಳ ಕಷ್ಟ.

ಹಾಗಾಗಿ ಪತ್ರಕ್ಕೆ ಸಹಿ ಹಾಕೋ ಮುಂಚೆ ಕರಾರಿನ ಕರಡು ಕೇಳಿ, ಮರಾಠಿ ಓದೋಕೆ ಕಷ್ಟ ಆದ್ರೆ ಮನೆ ಮಕ್ಕಳ ಹತ್ರ ಓದಿಸಿ. ಒಳಗೆ ಬರೋಕೆ ಯಾರಿಗೂ ಫೀ ಇರಬಾರ್ದು, ಒಂದಿಟ್ಟಿಗೆ ಹೊಸ ಕಟ್ಟಡ ಏಳಬಾರ್ದು, ಮದುವೆ ರಿಸೆಪ್ಶನ್‌ಗೆ ಬಾಡಿಗೆಗೆ ಕೊಡಬಾರ್ದು, ಕಂಪನಿ ಬೋರ್ಡ್ ಎಷ್ಟು ದೊಡ್ಡದು ಅಂತ ಅಳತೆ ಬರೆದಿರ್ಬೇಕು, ವರ್ಷ ಎಷ್ಟು, ಮಾತು ತಪ್ಪಿದ್ರೆ ಪಾಲಿಕೆ ಹೇಗೆ ವಾಪಸ್ ತಗೊಳ್ಳುತ್ತೆ ಅನ್ನೋದು ಸ್ಪಷ್ಟ ಇರ್ಬೇಕು. ಮೂರು ತಿಂಗಳಿಗೊಮ್ಮೆ ನಿವಾಸಿಗಳ ಜೊತೆ ಮೀಟಿಂಗ್ ಅಂತಾನೂ ಹಾಕ್ಸಿ, ಆ ನಿವಾಸಿಗಳು ಅಂದ್ರೆ ಪಕ್ಕದ ಝೋಪಡಪಟ್ಟಿಯವ್ರೂ ಸೇರಿ. ಇಷ್ಟಕ್ಕೂ ಕಂಪನಿಯವ್ರು ಒಪ್ಪಿದ್ರೆ ಸಂತೋಷವಾಗಿ ಸಹಿ ಹಾಕಿ. ಬರೀ ದುಡ್ಡು ಕೊಡ್ತೀವಿ, ಜಾಗ ಬೇಡ ಅನ್ನೋರಾದ್ರೆ ಇನ್ನೂ ಒಳ್ಳೇದು.

ಪ್ರಶ್ನೆ: ನಾವು ಬಾಗಲಕೋಟೆ ಕಡೆಯವ್ರು, ಗೋವಾಕ್ಕೆ ಬಂದು ಹದಿನೆಂಟು ವರ್ಷ ಆಯ್ತು, ವಾಸ್ಕೋ ಹತ್ತಿರ ಒಂದು ಹಳ್ಳಿ ಪಂಚಾಯತ್‌ನಲ್ಲಿ ಬಾಡಿಗೆ ಮನ್ಯಾಗ ಇದ್ದೀವಿ. ಮಕ್ಕಳ ಆಟದ ಜಾಗದಾಗ ಕಸ ಒಗೀತಾರ. ಹೇಳಾಕ ಹೋದ್ರ ನೀವು ಹೊರಗಿನವ್ರು ಅಂತಾರ್ರೀ. ನಾವು ಮಾತಾಡಬಹುದೇನ್ರಿ?
— ಓದುಗರು, ಗೋವಾ

ಉತ್ತರ: ಖಂಡಿತ ಮಾತಾಡಬಹುದು ಅಣ್ಣಾ. ಪಂಚಾಯತ್‌ನ ಮತದಾರರ ಪಟ್ಟೀಲಿ ನಿಮ್ಮ ಹೆಸ್ರಿದ್ರೆ ನೀವು ಗ್ರಾಮಸಭೆಯ ಸದಸ್ಯರು, ಮನೆ ಸ್ವಂತದ್ದಾ ಬಾಡಿಗೇದಾ ಅಂತ ಅಲ್ಲಿ ಯಾರೂ ಕೇಳೋ ಹಾಗಿಲ್ಲ. ಹೆಸ್ರು ಇನ್ನೂ ಊರಲ್ಲೇ ಇದ್ರೆ ಇಲ್ಲಿಗೆ ಬದಲಾಯಿಸ್ಕೊಳ್ಳಿ, ಎಷ್ಟೋ ಜನ ಊರಿನ ಓಟು ಬಿಡೋಕೆ ಮನಸ್ಸಿಲ್ದೆ ಇಲ್ಲಿನ ಹಕ್ಕು ಕಳ್ಕೊಂಡಿದಾರೆ. ಗೋವಾದಲ್ಲಿ ಗ್ರಾಮಸಭೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದು ಭಾನುವಾರ ನಡೆಯುತ್ತೆ, ಕೂಲಿ ಕೆಲಸದವ್ರಿಗೂ ಹೋಗೋಕೆ ಅನುಕೂಲ. ಮುಂಚೇನೇ ಪಂಚಾಯತ್ ಸೆಕ್ರೆಟರಿಗೆ ವಿಷ್ಯ ಬರೆದು ಕೊಡಿ. ಒಬ್ರೇ ಹೋಗ್ಬೇಡಿ, ಆ ಜಾಗದಲ್ಲಿ ಕೊಂಕಣಿ ಮಕ್ಕಳೂ ಆಡ್ತಾರಲ್ವಾ, ಅವ್ರ ಅಮ್ಮಂದಿರನ್ನ ಜೊತೇಲಿ ಕರ್ಕೊಂಡು ಹೋಗಿ. ಹದಿನೆಂಟು ವರ್ಷ ಬೆವರು ಸುರಿಸಿದ ಊರು ನಿಮ್ದೇ, ತಲೆ ತಗ್ಗಿಸ್ಬೇಡಿ.

ಪ್ರಶ್ನೆ: ಅಕ್ಕ, ನನ್ನ ಮಗಳಿಗೆ ಒಂಬತ್ತು ವರ್ಷ, ವ್ಹೀಲ್‌ಚೇರ್‌ನಲ್ಲಿರ್ತಾಳೆ. ನಮ್ಮ ಹತ್ರದ ಪಾರ್ಕ್‌ನ ಈಗಷ್ಟೇ ಎಲ್ರೂ ಸೇರಿ ಚಂದ ಮಾಡಿದ್ರು, ನಾನೂ ದುಡ್ಡು ಕೊಟ್ಟೆ. ಬೈಕ್, ದನ ಬರಬಾರ್ದು ಅಂತ ಗೇಟಿಗೆ ಅಡ್ಡಡ್ಡ ಕಬ್ಬಿಣದ ಕೊಳವೆ ಹಾಕಿದಾರೆ. ಉದ್ಘಾಟನೆ ದಿನ ನಾವಿಬ್ರೂ ಹೊರಗೇ ನಿಂತು ನೋಡಿ ಬಂದ್ವಿ. ಕೇಳೋಕೆ ಸಂಕೋಚ ಆಗ್ತಿದೆ.
— ಓದುಗಿ, ಮಾಲಾಡ್

ಉತ್ತರ: ಈ ಪತ್ರ ಓದಿ ಎರಡು ದಿನ ನನಗೆ ಬೇರೆ ಪತ್ರ ಮುಟ್ಟೋಕಾಗಲಿಲ್ಲ. ಸಂಕೋಚ ಪಡ್ಬೇಕಾದೋರು ನೀವಲ್ಲಮ್ಮ. ಯಾರಿಗೂ ಕೆಟ್ಟ ಮನಸ್ಸಿರ್ಲಿಲ್ಲ ಅಂತ ನಂಬ್ತೀನಿ, ಆದ್ರೆ ಅಲ್ಲಿ ಬರೋಕೆ ಆಗದೇ ಇರೋರು ಯಾರು ಅಂತ ಒಬ್ರೂ ಕೇಳ್ಲಿಲ್ಲ. ಮೇಲೆ ಮುಲುಂಡ್‌ನವ್ರಿಗೆ ಕೂತು ನೋಡಿ ಅಂತ ಹೇಳಿದ್ನಲ್ಲ, ಕೂತು ನೋಡಿದ್ರೆ ಬರ್ತಿರೋರು ಕಾಣ್ತಾರೆ, ಬರೋಕಾಗದೆ ಮನೇಲೇ ಇರೋರು ಕಾಣಲ್ಲ. ಅದನ್ನ ಆ ಉತ್ತರದಲ್ಲಿ ಬರೀಬೇಕು ಅಂತ ನನಗೂ ಹೊಳೆದಿರ್ಲಿಲ್ಲ, ನಿಮ್ಮ ಪತ್ರದಿಂದ ಕಲಿತೆ. ಮುಲುಂಡ್‌ನವ್ರೇ, ಗಾರ್ಡನ್‌ನಲ್ಲಿ ಕೂತಿದ್ದು ಆದ್ಮೇಲೆ ಸುತ್ತಲ ಬಿಲ್ಡಿಂಗ್, ಚಾಲ್‌ಗಳಿಗೂ ಹೋಗಿ ಮನೆಯಿಂದ ಇಳಿಯೋಕಾಗದೋರು ಯಾರಿದಾರೆ ಅಂತ ಕೇಳಿ ಬರ್ಕೊಳ್ಳಿ.

ಈಗ ಕೆಲಸದ ಮಾತು. ಆ ಕೊಳವೆ ಪೂರ್ತಿ ತೆಗೆಸ್ಬೇಕು ಅಂತಿಲ್ಲ, ಬೈಕ್ ತಡೆಯೋಕೆ ಇರ್ಲಿ, ಆದ್ರೆ ಒಂದು ಕಡೆ ಕಡಿಮೆ ಅಂದ್ರೂ 900 ಮಿಲಿಮೀಟರ್, ಅಂದ್ರೆ ಮೂರಡಿ, ಅಡ್ಡಿಯಿಲ್ಲದ ನೇರ ದಾರಿ ಬೇಕು. ಪಕ್ಕದಲ್ಲಿ ಒಂದು ಚಿಕ್ಕ ಗೇಟ್ ಇಟ್ರೆ ಸಾಕು, ಆದ್ರೆ ಅದಕ್ಕೆ ಬೀಗ ಹಾಕಿ ಕೀಲಿ ವಾಚ್‌ಮನ್ ಹತ್ರ ಅಂತ ಮಾಡಿದ್ರೆ ಒಪ್ಕೋಬೇಡಿ. ಮೆಟ್ಟಿಲಿದ್ರೆ ಇಳಿಜಾರು 1ಕ್ಕೆ 12ರ ಲೆಕ್ಕದಲ್ಲಿ, ಅಂದ್ರೆ ಆರಿಂಚು ಎತ್ತರಕ್ಕೆ ಆರಡಿ ಉದ್ದ, ಅದಕ್ಕಿಂತ ಕಡಿದಾದ್ರೆ ನೀವು ತಳ್ಳೋಕಾಗಲ್ಲ. ಒಳಗೆ ದಾರಿ ಜಲ್ಲಿಕಲ್ಲಿಂದು ಬೇಡ, ಗಟ್ಟಿ ಸಮ ನೆಲ ಬೇಕು. ಜೋಕಾಲಿ ಕೆಳಗೆ ಬಿದ್ರೆ ಪೆಟ್ಟಾಗ್ದಂತೆ ಒಂದಡಿ ಮರಳು ಹಾಕಿರ್ತಾರಲ್ಲ, ಅಲ್ಲಿಗೆ ಚಕ್ರ ಹೋಗಲ್ಲ, ಆದ್ರಿಂದ ಆ ಮರಳಿನ ಪಕ್ಕ ಎತ್ತರದ ಒಂದು ಮರಳಿನ ತೊಟ್ಟಿ ಕಟ್ಟಿಸಿದ್ರೆ ಮಗಳು ಕುರ್ಚೀಲಿ ಕೂತೇ ಬೇರೆ ಮಕ್ಕಳ ಜೊತೆ ಕೈಯಾಡ್ಸಬಹುದು. ಅಂಗವಿಕಲರ ಹಕ್ಕುಗಳ 2016ರ ಕಾನೂನು ಸಾರ್ವಜನಿಕ ಜಾಗ ಎಲ್ರಿಗೂ ಹೋಗೋ ಹಾಗಿರ್ಬೇಕು ಅಂತ ಹೇಳುತ್ತೆ, ಅರ್ಜೀಲಿ ಅದನ್ನ ಒಂದು ಸಾಲು ಬರೀರಿ.

ನೀವು ಮಾಡ್ಬೇಕಾಗಿದ್ದು ಇಷ್ಟು: ಟೇಪ್ ಹಿಡ್ಕೊಂಡು ಹೋಗಿ ಕೊಳವೆಗಳ ಮಧ್ಯದ ಅಗಲ, ಮೆಟ್ಟಿಲಿನ ಎತ್ತರ, ಮಗಳ ಕುರ್ಚಿಯ ಅಗಲ ಅಳೆದು ನಮ್ಮ ಪತ್ರಿಕೆ ವಿಳಾಸಕ್ಕೆ ಬರ್ದು ಕಳಿಸಿ. ವಾರ್ಡ್ ಆಫೀಸಿಗೆ ಕೊಡೋ ಅರ್ಜಿ ಮರಾಠೀಲಿ ನಾನೇ ಬರ್ದು ಕೊಡ್ತೀನಿ. ಕೊಡೋಕೆ ಹೋಗೋ ದಿನ ಹೇಳಿ, ಮಾಲಾಡ್ ಸ್ಟೇಷನ್‌ಗೆ ಬರ್ತೀನಿ, ಮೂರು ಜನಾನೂ ಜೊತೇಲಿ ಹೋಗೋಣ.